ಕೂದಲಿಗೆ ಕೊಲೆಸ್ಟರಾಲ್ ಮಾತ್ರೆಯೋ, ಬಾರಿಸಿಟಿನಿಬ್ಬೋ?

ತಲೆಯಲ್ಲಿ ನಾಣ್ಯದಗಲ ಜಾಗ ಇದ್ದಕ್ಕಿದ್ದಂತೆ ನುಣ್ಣಗಾದರೆ ಎದೆ ಧಸಕ್ಕೆನ್ನುತ್ತದೆ. ಅಲೋಪೀಶಿಯಾ ಏರಿಯೇಟಾ ಎಂಬ ಈ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ಕಣಗಳು ಕೂದಲಿನ ಬುಡದ ಮೇಲೆ ತಿರುಗಿಬೀಳುತ್ತವೆ.

ಸ್ಟಾಟಿನ್ ಎಂಬ ಮಾತ್ರೆಗಳು ಕೊಲೆಸ್ಟರಾಲ್ ಜೊತೆ ಉರಿಯೂತವನ್ನೂ ಸ್ವಲ್ಪ ತಗ್ಗಿಸುತ್ತವೆ. ಅದಕ್ಕೇ ಸಿಮ್ವಾಸ್ಟಾಟಿನ್ (ಒಂದು ಸ್ಟಾಟಿನ್) ಮತ್ತು ಎಜೆಟಿಮೈಬ್ (ಇನ್ನೊಂದು ಬಗೆಯ ಕೊಲೆಸ್ಟರಾಲ್ ಔಷಧಿ) ಜೋಡಿಯನ್ನು ಈ ಕಾಯಿಲೆಗೂ ಕೊಟ್ಟು ನೋಡಿದರು. 2015ರ ಅಧ್ಯಯನದಲ್ಲಿ 24 ವಾರ ಮುಗಿಸಿದ 19 ಜನರಲ್ಲಿ 14 ಮಂದಿಗೆ ಗುಣ ಕಂಡಿತು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಹೋಲಿಸಿ ನೋಡಲು ಔಷಧಿಯೇ ಇಲ್ಲದ ಹುಸಿ ಮಾತ್ರೆ ತಗೊಂಡವರ ಗುಂಪೇ ಇರಲಿಲ್ಲ. ಈ ಕಾಯಿಲೆಯಲ್ಲಿ ಕೂದಲು ತಾನಾಗಿಯೇ ಮರಳುವುದೂ ಉಂಟು. ಆಮೇಲೆ ಬೇರೆ ವೈದ್ಯರು ಪ್ರಯತ್ನಿಸಿದಾಗ ಅಂಥ ಫಲ ಸಿಗಲಿಲ್ಲ.

ಬಾರಿಸಿಟಿನಿಬ್ ಅಂದರೆ ರೋಗನಿರೋಧಕ ಕಣಗಳ ಅಬ್ಬರ ತಗ್ಗಿಸುವ ಮಾತ್ರೆ, ಹುಸಿ ಮಾತ್ರೆಯ ಎದುರು ಗೆದ್ದು ಬಂದ ಔಷಧಿ. ತೀವ್ರವಾಗಿ ಕೂದಲು ಉದುರಿದ ವಯಸ್ಕರಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಪಾಯವೂ ಜಾಸ್ತಿ: ಗಂಭೀರ ಸೋಂಕು, ರಕ್ತ ಹೆಪ್ಪುಗಟ್ಟುವ ಎಚ್ಚರಿಕೆ ಇದೆ. ಕೊಲೆಸ್ಟರಾಲ್ ಕೂಡ ಏರಬಹುದು. ನಿಲ್ಲಿಸಿದರೆ ಕೂದಲು ಮತ್ತೆ ಉದುರಬಹುದು.

ಸ್ಟಾಟಿನ್‌ನಲ್ಲಿ ಸ್ನಾಯು ನೋವು, ಲಿವರ್ ಎಂಜೈಮ್ ಏರಿಕೆ ಗಮನಿಸಬೇಕು. ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಒಂದೆರಡು ಸಣ್ಣ ಜಾಗವಷ್ಟೇ ಆದರೆ ಎರಡೂ ಬೇಡ, ಆ ಜಾಗಕ್ಕೇ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಮೊದಲು ಕೇಳಿ. ಅರ್ಧ ತಲೆ ಬರಿದಾಗಿದ್ದರೆ ನನ್ನ ಒಲವು ಬಾರಿಸಿಟಿನಿಬ್ ಕಡೆಗೆ. ಕೊಲೆಸ್ಟರಾಲ್‌ಗೆ ಹೇಗೂ ಸ್ಟಾಟಿನ್ ಬೇಕಿದ್ದರೆ ತಗೊಳ್ಳಿ, ಕೂದಲಿಗಾಗಿಯೇ ಸುಮ್ನೆ ಶುರು ಮಾಡಬೇಡಿ.