ಎಂಬಿಎ ಸೇರುವ ಮುನ್ನ ರ‍್ಯಾಂಕ್ ಅಲ್ಲ, ಬೋನಫೈಡ್ ಪತ್ರ ಕೇಳಿ

ಎಂಬಿಎಯಂಥ ಕೋರ್ಸುಗಳಿಗೆ ರಾಜ್ಯದಲ್ಲಿ ನಡೆಯುವ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಹತ್ತಿರ ಬಂದಂತೆ ಹಾಸನ, ತುಮಕೂರು, ಶಿವಮೊಗ್ಗದ ರಸ್ತೆಗಳಲ್ಲಿ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಕಾಲೇಜುಗಳ ಜಾಹೀರಾತು ಫಲಕಗಳು ಏಳುತ್ತವೆ. ಸೂಟು ತೊಟ್ಟ ಹುಡುಗರು, ಪಕ್ಕದಲ್ಲಿ ಲಕ್ಷಗಳ ಲೆಕ್ಕ. ಕಳೆದ ವರ್ಷ ಅಂಥದೊಂದು ಫಲಕದಲ್ಲಿ ನನ್ನ ತಮ್ಮನ ಮುಖವೂ ಇತ್ತು, ಕೆಳಗೆ ‘8 ಲಕ್ಷ ಪ್ಯಾಕೇಜ್’ ಎಂದಿತ್ತು. ಅದು ಏರುವ ಹೊತ್ತಿಗೆ ಅವನು ಆ ಕೆಲಸ ಬಿಟ್ಟು ಕೆಲವು ತಿಂಗಳುಗಳೇ ಆಗಿದ್ದವು. ಮನೆಯಲ್ಲಿ ಎಲ್ಲರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ಅದು ಒಂದೇ ಆಗಿದ್ದರೆ ಬರೆಯುವ ಅಗತ್ಯವೂ ಇರುತ್ತಿರಲಿಲ್ಲ.

ತಮ್ಮ ಬಿ.ಕಾಂ. ಮುಗಿಸಿದವನು. ಪಿಜಿಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ಸರ್ಕಾರಿ ವಿಶ್ವವಿದ್ಯಾಲಯವೊಂದರ ವಿಭಾಗದಲ್ಲಿ ಸೀಟು ಸಿಗುವಂತಿತ್ತು. ಅಷ್ಟರಲ್ಲಿ ಖಾಸಗಿ ಕಾಲೇಜುಗಳಲ್ಲಿ ಸೀಟು ಕೊಡಿಸುವ ಕನ್ಸಲ್ಟೆನ್ಸಿಯವರ ಫೋನು. ಅವರಿಗೆ ಅವನ ನಂಬರ್ ಹೇಗೆ ಸಿಕ್ಕಿತು ಎಂಬುದು ಇಂದಿಗೂ ಬಗೆಹರಿದಿಲ್ಲ. “ಸರ್ಕಾರಿ ಕ್ಯಾಂಪಸ್ಸಿಗೆ ಯಾವ ಕಂಪನಿ ಬರುತ್ತದೆ?” ಎಂಬ ಒಂದೇ ಪ್ರಶ್ನೆಯಿಂದ ನಮ್ಮ ಅಪ್ಪನನ್ನು ಅಲ್ಲಾಡಿಸಿಬಿಟ್ಟರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಬಿ.ಎನ್. ಬಹದ್ದೂರ್ ಸಂಸ್ಥೆಯಿಂದಲೋ ಧಾರವಾಡದ ಕೌಸಾಳಿ ಸಂಸ್ಥೆಯಿಂದಲೋ ಓದಿ ಹೊರಬಂದವರನ್ನು ವಿಚಾರಿಸಿ ನೋಡಿ, ಉತ್ತರ ಸಿಗುತ್ತದೆ. ಆ ಸಂಸ್ಥೆಗಳ ಫಲಕವನ್ನು ನಾನು ಯಾವ ಹೆದ್ದಾರಿಯಲ್ಲೂ ಕಂಡಿಲ್ಲ. ಕನ್ಸಲ್ಟೆನ್ಸಿಗೆ ಅಲ್ಲಿಂದ ಕಮಿಷನ್ ಹುಟ್ಟುವುದಿಲ್ಲ, ಆದ್ದರಿಂದ ಅವರ ಬಾಯಲ್ಲೂ ಆ ಹೆಸರುಗಳಿಲ್ಲ.

ಅವರು ತೋರಿಸಿದ ಕಾಲೇಜಿನ ಬ್ರೋಷರ್‌ನಲ್ಲಿ ‘ದಕ್ಷಿಣ ಭಾರತದ ಉದಯೋನ್ಮುಖ ಖಾಸಗಿ ಬಿ-ಸ್ಕೂಲ್‌ಗಳ ಪೈಕಿ 6ನೇ ಸ್ಥಾನ’ ಎಂದಿತ್ತು. ಆರನೆಯದಾಗಲು ಎಷ್ಟು ವಿಶೇಷಣಗಳು ಬೇಕಾದವು ನೋಡಿ. ಆ ಸ್ಥಾನ ಕೊಟ್ಟ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಕಾಲೇಜಿನ ಇಡೀ ಪುಟದ ಜಾಹೀರಾತೂ ಇತ್ತು. ಕೋರ್ಸು ಪಿಜಿಡಿಎಂ, ಅಂದರೆ ಎಂಬಿಎ ಬದಲಿಗೆ ಓದುವ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಡಿಪ್ಲೊಮಾ. ಎರಡು ವರ್ಷದ ಶುಲ್ಕ ಒಂಬತ್ತೂವರೆ ಲಕ್ಷ. ಶಿಕ್ಷಣ ಸಾಲ ಏಳೂವರೆ ಲಕ್ಷದವರೆಗೆ ಆಸ್ತಿಯ ಅಡಮಾನವಿಲ್ಲದೆ ಸಿಗುತ್ತದೆ, ಈ ಮಿತಿ ಕಾಲೇಜಿನ ಕೌನ್ಸೆಲರ್‌ಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಉಳಿದ ಎರಡು ಲಕ್ಷ ಅಪ್ಪನ ನಿವೃತ್ತಿಯ ಹಣದಿಂದ ಹೋಯಿತು.

ಮೊದಲ ವರ್ಷ ಎಲ್ಲವೂ ಕಾಲೇಜಿನಂತೆಯೇ ನಡೆಯಿತು. ಎರಡನೇ ವರ್ಷದ ಕಂತು ಬಿಡುಗಡೆ ಮಾಡಲು ಬ್ಯಾಂಕಿನವರು ಬೋನಫೈಡ್ ಪತ್ರ, ಅಂದರೆ ಇಂಥ ಕೋರ್ಸಿನ ವಿದ್ಯಾರ್ಥಿ ಎಂದು ಕಾಲೇಜು ದೃಢೀಕರಿಸುವ ಪತ್ರ ಕೇಳಿದರು. ಅದನ್ನು ಓದಿದ ಮ್ಯಾನೇಜರ್ ಫೋನ್ ಮಾಡಿ, “ನಾನು ಸಾಲ ಕೊಟ್ಟದ್ದು ಪಿಜಿಡಿಎಂ ಕೋರ್ಸಿಗೆ, ಇಲ್ಲಿ ಬೇರೇನೋ ಬರೆದಿದೆಯಲ್ಲ” ಎಂದರು. ಪತ್ರದಲ್ಲಿದ್ದದ್ದು ಪೋಸ್ಟ್ ಗ್ರಾಜುಯೇಟ್ ಪ್ರೋಗ್ರಾಮ್ ಇನ್ ಮ್ಯಾನೇಜ್‌ಮೆಂಟ್. ಬನ್ನೇರುಘಟ್ಟ ರಸ್ತೆಯ ಐಐಎಂನ ಹೆಸರಾಂತ ಎರಡು ವರ್ಷದ ಕೋರ್ಸನ್ನು ಎಲ್ಲರೂ ಕರೆಯುವುದು ಪಿಜಿಪಿ ಎಂದೇ. ಇವರು ಆರಿಸಿಕೊಂಡದ್ದೂ ಅದೇ ಹೆಸರನ್ನು. ಐಐಎಂಗಳಿಗೆ 2017ರ ಕಾಯ್ದೆಯಿಂದ ಪದವಿ ನೀಡುವ ಅಧಿಕಾರ ಬಂದಿದೆ. ಇವರಿಗೆ ಅಂಥ ಯಾವ ಅಧಿಕಾರವೂ ಇಲ್ಲ.

ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡಿತು. ತಾಂತ್ರಿಕ, ಮ್ಯಾನೇಜ್‌ಮೆಂಟ್ ಶಿಕ್ಷಣದ ಮೇಲ್ವಿಚಾರಣೆ ನೋಡುವ ಕೇಂದ್ರದ ಮಂಡಳಿ ಎಐಸಿಟಿಇಯ ಅನುಮೋದನೆ ಸಿಗುವುದು ಕೋರ್ಸ್ ಕೋರ್ಸಿಗೆ, ಇಂತಿಷ್ಟೇ ಸೀಟು ಎಂಬ ಮಿತಿಯೊಂದಿಗೆ. ಈ ಕಾಲೇಜಿನ ಪಿಜಿಡಿಎಂಗೆ ಇದ್ದದ್ದು 120 ಸೀಟು, ತಮ್ಮನ ಬ್ಯಾಚಿನಲ್ಲಿದ್ದವರು ಇನ್ನೂರಕ್ಕೂ ಹೆಚ್ಚು. ಮಿತಿ ಮೀರಿ ಸೇರಿಸಿಕೊಂಡವರನ್ನು ಯಾವ ಮಾನ್ಯತೆಯೂ ಇಲ್ಲದ ಈ ಪಿಜಿಪಿಯ ಪಟ್ಟಿಗೆ ಹಾಕಿ, ಪದವಿಯ ಹೆಸರಿಗೆ ಹೊರರಾಜ್ಯದ ವಿಶ್ವವಿದ್ಯಾಲಯವೊಂದರ ದೂರಶಿಕ್ಷಣ ಎಂಬಿಎಗೆ ನೋಂದಾಯಿಸಿದ್ದರು. ಆ ಅರ್ಜಿಗೆ ತಮ್ಮನು ಸಹಿ ಹಾಕಿದ್ದು ಪರಿಚಯ ಕಾರ್ಯಕ್ರಮದ ದಿನ, ಗ್ರಂಥಾಲಯದ ಕಾರ್ಡು, ಹಾಸ್ಟೆಲ್ ಒಪ್ಪಂದಗಳ ಕಟ್ಟಿನ ನಡುವೆ. ಪ್ರವೇಶ ಪತ್ರದಲ್ಲಿ ಮಾತ್ರ ‘ಎಐಸಿಟಿಇ ಅನುಮೋದಿತ ಸಂಸ್ಥೆ’ ಎಂದು ದೊಡ್ಡದಾಗಿತ್ತು. ಅದು ಸುಳ್ಳೂ ಅಲ್ಲ, ಅದೇ ಅವರ ಜಾಣತನ. ಶುಲ್ಕದ ರಸೀದಿಗಳಲ್ಲಿಯೂ ಎರಡು ಹೆಸರು: ಒಂದು ಟ್ರಸ್ಟಿನದು, ಇನ್ನೊಂದು ಯಾವುದೋ ಪ್ರೈವೇಟ್ ಲಿಮಿಟೆಡ್ ಅಕಾಡೆಮಿಯದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇರುವ ದೂರಶಿಕ್ಷಣದ ಎಂಬಿಎ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುತ್ತಿಲ್ಲ. ಕೆಲಸ ಮಾಡುತ್ತಲೇ ಅದನ್ನು ಓದಿ ಮೇಲೆ ಬಂದವರಿದ್ದಾರೆ. ಆದರೆ ಅದರ ಶುಲ್ಕ ಇದರ ಒಂದು ತುಣುಕು, ಅದಕ್ಕೆ ಹಾಸ್ಟೆಲ್ ಬೇಕಿಲ್ಲ, ಬ್ಲೇಜರ್ ಅಂತೂ ಬೇಡವೇ ಬೇಡ.

ಬಿಡೋಣವೆಂದರೆ ಕಟ್ಟಿದ ಹಣ ಹೋಗುತ್ತಿತ್ತು. ಹಾಗಾಗಿ ಓದು ಮುಗಿಸಿದ, ಪ್ಲೇಸ್‌ಮೆಂಟೂ ಆಯಿತು. ಆನ್‌ಲೈನ್ ಪಾಠ ಮಾರುವ ಕಂಪನಿಯೊಂದರಲ್ಲಿ ಕೆಲಸ, ಎಂಟು ಲಕ್ಷ. ಅದರಲ್ಲಿ ಖಚಿತ ಸಂಬಳ ಮೂರೂವರೆ ಲಕ್ಷ, ಉಳಿದದ್ದು ಗುರಿ ಮುಟ್ಟಿದರೆ. ಗುರಿ ಮುಟ್ಟುವುದೆಂದರೆ ಹತ್ತನೇ ತರಗತಿ ಮಕ್ಕಳ ತಂದೆತಾಯಿಗೆ ರಾತ್ರಿ ಫೋನ್ ಮಾಡಿ ಸಾಲದ ಮೇಲೆ ಕೋರ್ಸ್ ಮಾರುವುದು. ತನಗೆ ಯಾರು ಏನು ಮಾಡಿದರೋ ಅದನ್ನೇ ಇನ್ನೊಬ್ಬರಿಗೆ ಮಾಡುವ ಉದ್ಯೋಗ. ಅವನಿಗೆ ಅದು ಸಾಗಲಿಲ್ಲ.

ಶೇ. 100 ಪ್ಲೇಸ್‌ಮೆಂಟ್ ಎಂಬ ಅಡುಗೆ ಹೇಗೆ ಬೇಯುತ್ತದೆ ಎಂಬುದೂ ಅವನಿಂದಲೇ ತಿಳಿಯಿತು. ಕೊನೆಯ ಅವಧಿಯಲ್ಲಿ ಎಲ್ಲರ ಕೈಗೂ ಒಂದು ಅರ್ಜಿ ಬರುತ್ತದೆ. ‘ಸ್ವಂತ ಉದ್ಯೋಗ, ಕುಟುಂಬದ ವ್ಯವಹಾರ ಅಥವಾ ಉನ್ನತ ವ್ಯಾಸಂಗದ ಕಾರಣ ಪ್ಲೇಸ್‌ಮೆಂಟ್‌ನಿಂದ ಹೊರಗುಳಿಯುತ್ತೇನೆ’ ಎಂದು ಅದರಲ್ಲಿರುತ್ತದೆ. ಹಾಜರಾತಿ ಕಡಿಮೆಯಿದ್ದವರು, ಇಂಗ್ಲಿಷಿನಲ್ಲಿ ತಡವರಿಸುವವರು, ಎರಡು ಸಂದರ್ಶನದಲ್ಲಿ ಬಿದ್ದವರು, ಇಂಥವರಿಂದ ಸಹಿ ಹಾಕಿಸುತ್ತಾರೆ. ಸಹಿ ಹಾಕಿದವರು ಲೆಕ್ಕದಿಂದಲೇ ಹೊರಗೆ. ಉಳಿದವರಲ್ಲಿ ತಾವೇ ಕೆಲಸ ಹುಡುಕಿಕೊಂಡವರನ್ನೂ ಕಾಲೇಜಿನ ಖಾತೆಗೇ ಬರೆದುಕೊಳ್ಳುತ್ತಾರೆ. ಬ್ರೋಷರ್‌ನ ಹಿಂಬದಿಯಲ್ಲಿ ಸಾಲಾಗಿ ನಿಂತ ಕಂಪನಿಗಳ ಲಾಂಛನಗಳಲ್ಲಿ ಅತಿಥಿ ಉಪನ್ಯಾಸಕ್ಕೆ ಬಂದು ಕಾಫಿ ಕುಡಿದು ಹೋದವರೂ ಸೇರಿರುತ್ತಾರೆ. ಅತಿ ಹೆಚ್ಚಿನ ಪ್ಯಾಕೇಜ್ ಪಡೆದ ಹುಡುಗನಿಗೆ ಸೇರುವ ಮೊದಲೇ ಐದು ವರ್ಷದ ಅನುಭವವಿತ್ತು.

ನಮಗೆ ಮುಳುವಾದದ್ದು ಒಂದು ಕಾಲೇಜು ಮಾತ್ರ, ಪದ್ಧತಿ ಹಳೆಯದು. ಐಐಎಂಗಳ ಆಚೆಗೂ ಯೋಚಿಸಿ ಎಂದು ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಡುತ್ತಿದ್ದ ಐಐಪಿಎಂ ಎಂಬ ಖಾಸಗಿ ಸಂಸ್ಥೆ ನೆನಪಿದೆಯೇ? ಅದಕ್ಕೆ ಯುಜಿಸಿ, ಎಐಸಿಟಿಇಗಳ ಮಾನ್ಯತೆ ಇರಲಿಲ್ಲ. ಅದು ತನ್ನ ಕೋರ್ಸುಗಳಿಗೆ ಎಂಬಿಎ, ಬಿ-ಸ್ಕೂಲ್ ಎಂಬ ಹೆಸರುಗಳನ್ನು ಬಳಸಬಾರದೆಂದು ದೆಹಲಿ ಹೈಕೋರ್ಟ್ 2014ರಲ್ಲಿ ಆದೇಶಿಸಿತು, ಮರುವರ್ಷ ದೆಹಲಿಯ ಹೊರಗಿನ ಕ್ಯಾಂಪಸ್‌ಗಳು ಮುಚ್ಚಿದವು. ಅಷ್ಟರೊಳಗೆ ವರ್ಷವರ್ಷವೂ ಬ್ಯಾಚುಗಳು ಹೊರಬಂದಿದ್ದವು.

ವಿದೇಶದ ರ‍್ಯಾಂಕಿಂಗ್ ಆದರೆ ನಂಬಬಹುದು ಎನ್ನುವವರಿಗೆ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಕಥೆ. ಅದರ ಫಾಕ್ಸ್ ಬಿಸಿನೆಸ್ ಸ್ಕೂಲಿನ ಆನ್‌ಲೈನ್ ಎಂಬಿಎ ನಾಲ್ಕು ವರ್ಷ ಸತತವಾಗಿ ಅಮೆರಿಕದ ಮೊದಲ ಸ್ಥಾನದಲ್ಲಿತ್ತು. ವಿದ್ಯಾರ್ಥಿಗಳೆಲ್ಲರೂ ಜಿಮ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕ ಕೊಟ್ಟಿದ್ದಾರೆ ಎಂದು ಕಾಲೇಜು ಬರೆದು ಕಳುಹಿಸಿತ್ತು, ಕೊಟ್ಟವರು ನಿಜವಾಗಿ ಐದರಲ್ಲಿ ಒಬ್ಬರು. ಮಾಜಿ ಡೀನ್ ಮೋಷೆ ಪೊರಾಟ್ ಅವರಿಗೆ 2022ರಲ್ಲಿ ಹದಿನಾಲ್ಕು ತಿಂಗಳ ಜೈಲು, ಎರಡೂವರೆ ಲಕ್ಷ ಡಾಲರ್ ದಂಡ ಆಯಿತು. ನಮ್ಮಲ್ಲಿ ಇಂಥ ಲೆಕ್ಕಕ್ಕೆ ಡೀನ್ ಒಬ್ಬರು ಜೈಲಿಗೆ ಹೋದದ್ದನ್ನು ನಾನಂತೂ ಓದಿಲ್ಲ.

ಹಾಗಾದರೆ ನೋಡುವುದೆಲ್ಲಿ? ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಬರುತ್ತಿದೆ. ಅದರ ಸ್ಥಾನಕ್ಕಿಂತ ಉಪಯುಕ್ತವಾದದ್ದು ಕಾಲೇಜುಗಳು ಅದಕ್ಕೆ ಸಲ್ಲಿಸುವ ದತ್ತಾಂಶ. ಎಷ್ಟು ಜನ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಜನ ತೇರ್ಗಡೆಯಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಮಧ್ಯಾಂಕ ಸಂಬಳ (ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಸಂಬಳ) ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಇದೂ ಕಾಲೇಜೇ ಬರೆದುಕೊಟ್ಟದ್ದು, ಆದರೂ ಬ್ರೋಷರ್‌ನೊಂದಿಗೆ ಇಟ್ಟು ನೋಡಿದಾಗ ಎರಡರ ನಡುವಿನ ಅಂತರ ಕಾಣುತ್ತದೆ. ಸರಾಸರಿ ಸಂಬಳವನ್ನು ಮೂರು ಜನ ಎತ್ತಿ ನಿಲ್ಲಿಸಬಲ್ಲರು, ಮಧ್ಯಾಂಕವನ್ನು ಹಾಗೆ ಎತ್ತಲಾಗದು. ಐಐಎಂ ಅಹಮದಾಬಾದ್ ರೂಪಿಸಿದ ಐಪಿಆರ್‌ಎಸ್ ಎಂಬ ಪ್ಲೇಸ್‌ಮೆಂಟ್ ಮಾದರಿಯ ವರದಿಯಲ್ಲಿ ಖಚಿತ ಸಂಬಳ ಬೇರೆ, ಸಾಧನೆಗೆ ತಕ್ಕ ಹಣ ಬೇರೆ ಇರುತ್ತದೆ, ಲೆಕ್ಕ ಪರಿಶೋಧನೆಯೂ ಆಗಿರುತ್ತದೆ. ನಿಮ್ಮ ಕಾಲೇಜು ಅಂಥ ವರದಿ ಕೊಡುತ್ತದೆಯೇ ಎಂದು ಕೇಳಿದರೆ ಕೌನ್ಸೆಲರ್ ವಿಷಯ ಬದಲಿಸುವ ರೀತಿಯೇ ಸಾಕಷ್ಟು ಹೇಳುತ್ತದೆ.

ಹಿಂದಿನ ಬ್ಯಾಚಿನ ಮೂವರನ್ನು ಹುಡುಕಿ ಮಾತನಾಡಿಸಿ. ಕಾಲೇಜು ಕೊಟ್ಟ ನಂಬರಿನವರು ಬೇಡ. ಅವರ ಕೈಯಲ್ಲಿರುವ ಬೋನಫೈಡ್ ಪತ್ರದ ಕೋರ್ಸ್ ಹೆಸರನ್ನು ಎಐಸಿಟಿಇ ಜಾಲತಾಣದಲ್ಲಿ ಆ ಕಾಲೇಜಿನ ಎದುರು ಇರುವ ಹೆಸರಿನೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಪಿಜಿಡಿಎಂ ಆದರೆ ಅದು ಎಂಬಿಎಗೆ ಸಮಾನವೆಂದು ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ (ಎಐಯು) ಮಾನ್ಯತೆ ಇದೆಯೇ ನೋಡಿ, ಪಿಎಚ್‌.ಡಿ., ಸರ್ಕಾರಿ ಹುದ್ದೆಯ ಯೋಚನೆ ಇದ್ದವರಿಗಂತೂ ಇದು ಬೇಕೇ ಬೇಕು.

ಮೂಲ ಅಂಕಪಟ್ಟಿಗಳನ್ನು ಯಾವ ಕಾರಣಕ್ಕೂ ಕಾಲೇಜಿಗೆ ಒಪ್ಪಿಸಬೇಡಿ. ಪರಿಶೀಲಿಸಿ ಆ ಕ್ಷಣವೇ ಹಿಂದಿರುಗಿಸಬೇಕೆಂದು ಯುಜಿಸಿ 2018ರಲ್ಲೇ ಹೇಳಿದೆ. ತಮ್ಮನ ಅಂಕಪಟ್ಟಿಗಳನ್ನು ಕಾಲೇಜಿನ ದುಬೈ ಪ್ರವಾಸದ ಬಾಕಿ ಕಟ್ಟಲಿಲ್ಲವೆಂದು ಇಟ್ಟುಕೊಂಡಿದ್ದರು. ಆ ಅಧಿಸೂಚನೆಯ ಪ್ರತಿ ಲಗತ್ತಿಸಿ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದ ಮೇಲೆ ಕೊರಿಯರ್‌ನಲ್ಲಿ ಬಂದವು. ಹಣದ ವಿಷಯ ಅಷ್ಟು ಸುಲಭವಲ್ಲ. ಶಿಕ್ಷಣ ಸಂಸ್ಥೆಯ ವಿರುದ್ಧ ಗ್ರಾಹಕರ ಆಯೋಗಕ್ಕೆ ಹೋಗಬಹುದೇ ಎಂಬ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪುಗಳೇ ಒಂದಕ್ಕೊಂದು ಹೊಂದುವುದಿಲ್ಲ ಎಂದು ವಕೀಲರು ಹೇಳಿದ್ದರಿಂದ ಎಐಸಿಟಿಇಗೆ ದೂರು ಕೊಟ್ಟಿದ್ದೇವೆ. ಬ್ಯಾಚಿನ ಇನ್ನೂ ಕೆಲವರು ಸಹಿ ಹಾಕಿದ್ದಾರೆ, ಹೊರಗುಳಿಯುವ ಅರ್ಜಿಗೆ ಸಹಿ ಹಾಕಿದ್ದವರೇ ಅವರಲ್ಲಿ ಹೆಚ್ಚು.