ಟ್ಯಾಲಿನ್‌ನ ಎರಡು ಕೆಜಿಬಿ ಮ್ಯೂಸಿಯಂಗಳು: ಯಾವುದು ಮೊದಲು, ಯಾವುದು ಆಮೇಲೆ

ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಲ್ಲಿ ‘ಕೆಜಿಬಿ ಮ್ಯೂಸಿಯಂ’ (ಕೆಜಿಬಿ ಅಂದರೆ ಸೋವಿಯತ್ ಗುಪ್ತ ಪೊಲೀಸ್) ಅಂತ ಹುಡುಕಿದರೆ ಎರಡು ಜಾಗ ಸಿಗುತ್ತವೆ. ಒಂದು, ವಿರು ಹೋಟೆಲಿನ 23ನೇ ಮಹಡಿ. ಇನ್ನೊಂದು, ಹಳೇ ಊರಿನ ಪಗಾರಿ ಬೀದಿಯ 1ನೇ ನಂಬರಿನ ಕಟ್ಟಡದ ನೆಲಮಾಳಿಗೆ. ಒಂದಕ್ಕೆ ಟಿಕೆಟ್ ತೆಗೆದು ಇನ್ನೊಂದರ ಬಾಗಿಲಲ್ಲಿ ಹೋಗಿ ನಿಲ್ಲುವುದು ಬಹಳ ಸುಲಭ. ನಡುವಿನ ದಾರಿ ಸುಮಾರು ಒಂದು ಕಿಲೋಮೀಟರ್, ಅದೂ ಉರುಟು ಕಲ್ಲುಹಾಸಿನದು. ತಪ್ಪು ಗೊತ್ತಾಗಿ ಓಡಿ ಬರುವಷ್ಟರಲ್ಲಿ ವಿರುವಿನ ಗುಂಪು ಲಿಫ್ಟ್ ಹತ್ತಿರುತ್ತದೆ. ಆದ್ದರಿಂದ ಬುಕ್ ಮಾಡುವಾಗ ಹೆಸರು ನೋಡಬೇಡಿ, ವಿಳಾಸ ನೋಡಿ.

ಹೆಸರು ಒಂದೇ ಥರ ಇದ್ದರೂ ವಿರು ಹೇಳುವುದು ಕದ್ದು ಕೇಳುತ್ತಿದ್ದವರ ಕಥೆ, ಪಗಾರಿ ಹೇಳುವುದು ಹಿಡಿದು ತಂದು ಹೊಡೆಯುತ್ತಿದ್ದವರ ಕಥೆ. ಹೆಚ್ಚಿನವರು ವಿರುವನ್ನಷ್ಟೇ ನೋಡಿ ಹಡಗು ಹತ್ತುತ್ತಾರೆ. ಅದನ್ನೊಂದೇ ನೋಡಿದವರಿಗೆ ಕೆಜಿಬಿ ಅಂದರೆ ತಮಾಷೆಯ ಸಂಗತಿಯಾಗಿ ಉಳಿದುಬಿಡುತ್ತದೆ. ಈ ಊರಿನ ಇತಿಹಾಸಕ್ಕೆ ಅದು ಅನ್ಯಾಯ. ಎಲ್ಲವನ್ನೂ ನೋಡಿ ಹೋಲಿಸಿದ ಮೇಲೆ ಇಲ್ಲಿ ಹೇಳುತ್ತಿರುವುದು ಇಷ್ಟೇ: ವಿರುವನ್ನು ಖಂಡಿತ ನೋಡಿ, ಆದರೆ ಕೊನೆಗೆ ನೋಡಿ.

ಹೋಲಿಸುವಾಗ ಮೊದಲು ಗಮನಿಸಬೇಕಾದದ್ದು ಯಾವ ಜಾಗ ಯಾವ ವರ್ಷಗಳದು ಎಂಬುದು. 1939ರ ಆಗಸ್ಟ್ 23ರಂದು ಹಿಟ್ಲರ್ ಮತ್ತು ಸ್ಟಾಲಿನ್ ಸರ್ಕಾರಗಳ ನಡುವೆ ಒಪ್ಪಂದವಾಯಿತು, ಅದರ ಗುಟ್ಟಿನ ಭಾಗದಲ್ಲಿ ಎಸ್ಟೋನಿಯಾ ಸೋವಿಯತ್ ಪಾಲಿಗೆ ಬಂತು. 1940ರ ಜೂನ್‌ನಲ್ಲಿ ಸೋವಿಯತ್ ಸೈನ್ಯ ದೇಶವನ್ನು ವಶಪಡಿಸಿಕೊಂಡಿತು. ಅಧ್ಯಕ್ಷ ಕಾನ್‌ಸ್ಟಾಂಟಿನ್ ಪ್ಯಾಟ್ಸ್ ಅವರನ್ನು ಜುಲೈನಲ್ಲಿ ರಷ್ಯಾಕ್ಕೆ ಸಾಗಿಸಿದರು. ಅವರು 1956ರಲ್ಲಿ ಅಲ್ಲೇ ಒಂದು ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. 1941ರಿಂದ 44ರವರೆಗೆ ಜರ್ಮನರ ಆಳ್ವಿಕೆ, 1944ರ ಸೆಪ್ಟೆಂಬರ್ 22ರಂದು ಟ್ಯಾಲಿನ್‌ಗೆ ಮತ್ತೆ ಸೋವಿಯತ್ ಸೈನ್ಯ. ಸ್ವಾತಂತ್ರ್ಯ ಮರಳಿ ಬಂದದ್ದು 1991ರ ಆಗಸ್ಟ್ 20ಕ್ಕೆ. ರಷ್ಯಾದ ಸೈನ್ಯ ಕಾಲ್ತೆಗೆದದ್ದು 1994ರ ಆಗಸ್ಟ್ 31ಕ್ಕೆ. ಪಗಾರಿಯ ನೆಲಮಾಳಿಗೆ ಮುಖ್ಯವಾಗಿ 1940ರ ದಶಕದ್ದು. ವಿರು 1972ರಿಂದ ಈಚಿನದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ತಲೆಮಾರು ಕಳೆದುಹೋಗಿದೆ. ಆ ಕಂದಕವನ್ನು ತುಂಬುವುದು ಮೂರನೆಯ ಜಾಗ.

ವಬಾಮು: ಇಲ್ಲಿಂದ ಶುರು ಮಾಡಿ

ತೂಂಪೆಯ ಗುಡ್ಡದ ಬುಡದಲ್ಲಿ, ಕಾರ್ಲಿ ಚರ್ಚಿನ ಎದುರಿಗಿರುವ ಗಾಜಿನ ಕಟ್ಟಡ ವಬಾಮು. 2003ರಲ್ಲಿ ತೆರೆದಾಗ ಇದರ ಹೆಸರು ‘ಆಕ್ರಮಣಗಳ ಮ್ಯೂಸಿಯಂ’. ಬಹುವಚನವನ್ನು ಗಮನಿಸಿ: ಎರಡು ಸೋವಿಯತ್, ಒಂದು ಜರ್ಮನ್. ದೇಶ ಬಿಟ್ಟು ಅಮೆರಿಕ ಸೇರಿದ್ದ ವೈದ್ಯೆ ಓಲ್ಗಾ ಕಿಸ್ಟ್ಲರ್-ರಿತ್ಸೊ ಅವರ ಪ್ರತಿಷ್ಠಾನ ಇದನ್ನು ಕಟ್ಟಿಸಿತು. 2018ರಲ್ಲಿ ಪ್ರದರ್ಶನವನ್ನೆಲ್ಲ ಬದಲಿಸಿ ಹೊಸ ಹೆಸರಿಟ್ಟರು. 

ಇಲ್ಲಿನ ಬಲ ಇರುವುದು ವಸ್ತುಗಳಿಗಿಂತ ಹೆಚ್ಚಾಗಿ ದನಿಗಳಲ್ಲಿ. ಟಿಕೆಟ್ ಜೊತೆಗೆ ಆಡಿಯೋ ಗೈಡ್ ಕೊಡುತ್ತಾರೆ. ಅನುಭವಿಸಿದವರ ಮಾತು ಅದರಲ್ಲಿ ಕೇಳುತ್ತದೆ. ಎಡವಟ್ಟಾಗುವುದೂ ಅಲ್ಲೇ. ಎಲ್ಲವನ್ನೂ ಪೂರ್ತಿ ಕೇಳಲು ಹೊರಟರೆ ಎರಡೂವರೆ ಗಂಟೆ ಸಾಲದು. ಮೊದಲ ಭಾಗಗಳಲ್ಲಿ ನಿಂತು ಕೇಳಿದವರು ಕೊನೆಗೆ ಬರುವಷ್ಟರಲ್ಲಿ ದಣಿದು, 1980ರ ದಶಕದಲ್ಲಿ ಹಾಡುತ್ತಲೇ ಸ್ವಾತಂತ್ರ್ಯ ಕೇಳಿದ ಹಾಡಿನ ಚಳವಳಿಯನ್ನು ದಾಟಿಕೊಂಡು ಹೊರಟುಬಿಡುತ್ತಾರೆ. ಒಂದೂವರೆ ಗಂಟೆಯಷ್ಟೇ ಇದ್ದರೆ ಗಡೀಪಾರಿನ ಭಾಗವನ್ನೂ ವಲಸೆಯ ಭಾಗವನ್ನೂ ಪೂರ್ತಿ ಕೇಳಿ, ಸೋವಿಯತ್ ಕಾಲದ ದಿನಬಳಕೆಯ ಸಾಮಾನುಗಳನ್ನು ಬರೀ ಕಣ್ಣಲ್ಲಿ ನೋಡಿ ಸಾಗಿ.

ಗಡೀಪಾರಿನ ಎರಡು ತಾರೀಕುಗಳನ್ನು ಇಲ್ಲಿಂದ ತಲೆಯಲ್ಲಿ ಇಟ್ಟುಕೊಂಡು ಹೊರಡಬೇಕು. 1941ರ ಜೂನ್ 14ರಂದು ಸುಮಾರು 10,000 ಜನರನ್ನು ಸರಕು ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಕಳಿಸಿದರು. ಗಂಡಸರನ್ನು ಬೇರ್ಪಡಿಸಿ ದುಡಿಮೆಯ ಶಿಬಿರಗಳಿಗೆ, ಹೆಂಗಸರು ಮಕ್ಕಳನ್ನು ಸೈಬೀರಿಯಾ ಕಡೆಗೆ. ಎರಡನೆಯದು 1949ರ ಮಾರ್ಚ್ 25ರಿಂದ. ಈ ಸಲ 20,000ಕ್ಕೂ ಹೆಚ್ಚು ಜನ, ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಕಾರಣ ಬೇಸಾಯ. ರೈತರು ಸ್ವಂತ ಜಮೀನು ಬಿಟ್ಟು ಸಾಮೂಹಿಕ ಕೃಷಿಗೆ ಸೇರಲು ಒಪ್ಪುತ್ತಿರಲಿಲ್ಲ. ಅಕ್ಕಪಕ್ಕದ ಮನೆಗಳು ಒಂದೇ ರಾತ್ರಿಯಲ್ಲಿ ಖಾಲಿಯಾದದ್ದನ್ನು ಕಂಡ ಮೇಲೆ ಉಳಿದವರು ಕೆಲವೇ ವಾರಗಳಲ್ಲಿ ಸಾಲುಸಾಲಾಗಿ ಸೇರಿಬಿಟ್ಟರು. ಇದನ್ನು ತಿಳಿದು ಪಗಾರಿಗೆ ಹೋದರೆ ಅಲ್ಲಿನ ಬಾಗಿಲುಗಳ ಅರ್ಥವೇ ಬೇರೆ.

ಹೊರಗೆ ಬಂದು ಐದು ನಿಮಿಷ ನಡೆದರೆ ತೋನಿಸ್‌ಮ್ಯಾಗಿ. ರಾಷ್ಟ್ರೀಯ ಗ್ರಂಥಾಲಯದ ಎದುರಿನ ಈ ಹುಲ್ಲುಹಾಸಿನಲ್ಲಿ ನೋಡಲು ಏನೂ ಇಲ್ಲ. ಆದರೂ ಒಂದು ನಿಮಿಷ ನಿಲ್ಲಿ. 1947ರಿಂದ 2007ರ ಏಪ್ರಿಲ್‌ವರೆಗೆ ‘ಕಂಚಿನ ಸೈನಿಕ’ನ ಪ್ರತಿಮೆ, ಅಂದರೆ ಸೋವಿಯತ್ ಸೈನ್ಯದ ಯುದ್ಧ ಸ್ಮಾರಕ, ಇದ್ದದ್ದು ಇಲ್ಲೇ.

ಪಗಾರಿ ಮತ್ತು ವಿರು, ಪಕ್ಕಪಕ್ಕದಲ್ಲಿಟ್ಟು ನೋಡಿದರೆ

ಪಗಾರಿಯ ಕಟ್ಟಡ 1912ರದು, ಕಟ್ಟಿದ್ದು ವಾಸದ ಮನೆಯಾಗಿ. ಸೋವಿಯತ್ ಗುಪ್ತ ಪೊಲೀಸರು ಇದನ್ನೇ ಕೇಂದ್ರ ಕಚೇರಿ ಮಾಡಿಕೊಂಡರು. ಒಳಗೆ ಹೋಗುವ ಮುನ್ನ ಪಿಕ್ ಬೀದಿಯ ಕಡೆಯ ಗೋಡೆಯ ಬುಡ ನೋಡಿ. ನೆಲಮಾಳಿಗೆಯ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ವಿಚಾರಣೆಯ ಕೂಗು ಬೀದಿಗೆ ಕೇಳಿಸದಿರಲಿ ಅಂತ ಮಾಡಿದ್ದು. ಸಾವಿರಾರು ಎಸ್ಟೋನಿಯನ್ನರ ಯಾತನೆಯ ದಾರಿ ಇಲ್ಲಿಂದ ಶುರುವಾಯಿತು ಎಂಬರ್ಥದ ಫಲಕವೊಂದು ಗೋಡೆಯ ಮೇಲಿದೆ. ಮೇಲಿನ ಮಹಡಿಗಳು ಈಗ ಮತ್ತೆ ಮನೆಗಳೇ.

ಒಳಗೆ ಇರುವುದು ಬಹಳ ಕಡಿಮೆ. ಮೆಟ್ಟಿಲು ಇಳಿದರೆ ಒಂದು ಓಣಿ, ಬದಿಗೆ ಕೋಣೆಗಳು, ಕಬ್ಬಿಣದ ಬಾಗಿಲುಗಳು, ಗೋಡೆಯ ಮೇಲೆ ಬರಹ. ಬಟ್ಟೆ ಬೀರುವಿನಷ್ಟೇ ಜಾಗದ ಒಂದು ಕಿಂಡಿಯೂ ಇದೆ. ಅದರೊಳಗೆ ನಿಲ್ಲಬಹುದು, ಕೂರಲು ಆಗದು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಹಿನ್ನೆಲೆ ಗೊತ್ತಿಲ್ಲದೆ ಬಂದವರು ಹತ್ತೇ ನಿಮಿಷದಲ್ಲಿ ಹೊರಗೆ ಬಂದು ‘ಇಷ್ಟೇನಾ’ ಅನ್ನುತ್ತಾರೆ. ತಪ್ಪು ಜಾಗದ್ದಲ್ಲ, ನೋಡಿದ ಕ್ರಮದ್ದು. ವಬಾಮು ಇದನ್ನೂ ನಡೆಸುತ್ತದೆ (2017ರಲ್ಲಿ ತೆರೆದದ್ದು), ಎರಡಕ್ಕೂ ಸೇರಿಸಿ ಒಂದೇ ಟಿಕೆಟ್ ಸಿಗುತ್ತದೆ. ವಬಾಮುವಿನ ಕೌಂಟರಿನಲ್ಲೇ ಕೇಳಿ ತೆಗೆದುಕೊಂಡರೆ ಬೇರೆಬೇರೆ ಕೊಳ್ಳುವುದಕ್ಕಿಂತ ಅಗ್ಗ.

ಪಗಾರಿಯಿಂದ ಕೂಗಳತೆಯಲ್ಲಿ ಓಲೆವಿಸ್ತೆ ಚರ್ಚು. ಅದರ ಗೋಪುರವನ್ನು ಕೆಜಿಬಿ ರೇಡಿಯೋ ಗೋಪುರವಾಗಿಯೂ ಕಾವಲು ಕಟ್ಟೆಯಾಗಿಯೂ ಬಳಸುತ್ತಿತ್ತು. ಬೇಸಿಗೆಯ ತಿಂಗಳುಗಳಲ್ಲಿ ಮೇಲೆ ಹತ್ತಬಹುದು. ಸುರುಳಿ ಮೆಟ್ಟಿಲು ಇಕ್ಕಟ್ಟು, ಏರುವವರೂ ಇಳಿಯುವವರೂ ಅದರಲ್ಲೇ ದಾಟಬೇಕು. ಬೆನ್ನಿಗೆ ದೊಡ್ಡ ಚೀಲ ಇದ್ದರೆ ಹತ್ತಬೇಡಿ.

ಇನ್ನು ವಿರು. ಹೆಲ್ಸಿಂಕಿ ಮತ್ತು ಟ್ಯಾಲಿನ್ ನಡುವೆ 1965ರಲ್ಲಿ ಹಡಗು ಮತ್ತೆ ಶುರುವಾದಾಗ ಫಿನ್ಲೆಂಡಿನ ಪ್ರವಾಸಿಗಳು ಬರತೊಡಗಿದರು. ಅವರ ವಿದೇಶಿ ಹಣ ಬೇಕಿತ್ತು, ಅವರ ಮೇಲೆ ಕಣ್ಣೂ ಬೇಕಿತ್ತು. ಸೋವಿಯತ್ ಸರ್ಕಾರದ ಪ್ರವಾಸ ಸಂಸ್ಥೆ ಇಂಟೂರಿಸ್ಟ್‌ಗಾಗಿ ಫಿನ್ನಿಷ್ ಕಂಪನಿಯೊಂದು ಕಟ್ಟಿದ ಈ ಹೋಟೆಲು 1972ರಲ್ಲಿ ತೆರೆಯಿತು. ಲಿಫ್ಟಿನ ಗುಂಡಿಗಳು 22ಕ್ಕೇ ನಿಲ್ಲುತ್ತವೆ. ಅದರ ಮೇಲಿನ ಮಹಡಿಯ ಬಾಗಿಲ ಮೇಲೆ ರಷ್ಯನ್ ಭಾಷೆಯಲ್ಲಿ ‘ಇಲ್ಲಿ ಏನೂ ಇಲ್ಲ’ ಎಂದು ಬರೆದಿತ್ತು. ಒಳಗೆ ರೇಡಿಯೋ ಕೋಣೆ. 1991ರಲ್ಲಿ ಕೆಜಿಬಿಯವರು ಹೊರಟಾಗ ಯಂತ್ರಗಳನ್ನು ಮುರಿದು ಬಿಟ್ಟುಹೋದರು. ಆ ಮುರುಕುಗಳು ಈಗಲೂ ಹಾಗೇ ಇವೆ: ಕಿತ್ತ ತಂತಿಗಳು, ಚೆಲ್ಲಾಡಿದ ಕಾಗದಗಳು, ಸಿಗರೇಟಿನ ತುಂಡುಗಳು, ನಂಬರು ತಿರುಗಿಸುವ ಚಕ್ರವೇ ಇಲ್ಲದ ಕೆಂಪು ಫೋನು. ಆ ಫೋನನ್ನು ಹತ್ತಿರದಿಂದ ನೋಡಿ. ಕರೆ ಬರುವುದಕ್ಕೆ ಮಾತ್ರ ಇದ್ದದ್ದು ಅದು. ಮೇಲಿನವರು ಕೆಳಗಿನವರಿಗೆ ಆಜ್ಞೆ ಕೊಡುತ್ತಿದ್ದ ವ್ಯವಸ್ಥೆಯನ್ನು ಇದಕ್ಕಿಂತ ಸರಳವಾಗಿ ತೋರಿಸುವ ವಸ್ತು ಊರಲ್ಲಿ ಇನ್ನೊಂದಿಲ್ಲ. ಮೈಕ್ರೊಫೋನ್ ಅಡಗಿಸಿದ ತಟ್ಟೆ, ಆ್ಯಶ್‌ಟ್ರೇಗಳೂ ಇವೆ. 

ನಿಯಮಗಳು ಪಗಾರಿಗೆ ತದ್ವಿರುದ್ಧ. ಪಗಾರಿಯನ್ನು ನಮ್ಮಷ್ಟಕ್ಕೆ ನಾವೇ ನೋಡಬಹುದು, ವಿರುವಿಗೆ ಗೈಡ್ ಜೊತೆಗಷ್ಟೇ ಪ್ರವೇಶ. ಭೇಟಿ ಸುಮಾರು ಒಂದು ಗಂಟೆಯದು. ಇಂಗ್ಲಿಷ್ ಗುಂಪುಗಳಿಗೆ ದಿನಕ್ಕೆ ಕೆಲವೇ ಹೊತ್ತು ನಿಗದಿ. ವಾರಾಂತ್ಯದಲ್ಲೂ ಪ್ರವಾಸಿ ಹಡಗುಗಳು ಬರುವ ಬೇಸಿಗೆಯಲ್ಲೂ ಅವು ಮೊದಲೇ ಭರ್ತಿಯಾಗುತ್ತವೆ. ಆದ್ದರಿಂದ ಊರಿಗೆ ಬರುವ ಮುಂಚೆಯೇ ಬುಕ್ ಮಾಡಿ, ಭಾಷೆಯ ಕಾಲಂ ಸರಿಯಾಗಿ ಆರಿಸಿ. ಹೊತ್ತು ಹೊಂದಿತೆಂದು ಅವಸರದಲ್ಲಿ ಫಿನ್ನಿಷ್ ಗುಂಪಿಗೆ ಬುಕ್ ಮಾಡಿಕೊಂಡರೆ ಒಂದು ಗಂಟೆ ಸುಮ್ಮನೆ ನಿಂತು ಬರಬೇಕಾಗುತ್ತದೆ. ಕೊನೆಯ ಮಹಡಿಗೆ ಮೆಟ್ಟಿಲಲ್ಲೇ ಹತ್ತಬೇಕು. ಮಂಡಿನೋವಿನ ಹಿರಿಯರಿದ್ದರೆ ವಬಾಮು ಸಾಕು, ಅಲ್ಲಿ ಲಿಫ್ಟ್ ಇದೆ.

ವಿರುವಿನ ಗೈಡ್‌ಗಳು ಮಾತಿನಲ್ಲಿ ಪಳಗಿದವರು, ಗುಂಪನ್ನು ಚೆನ್ನಾಗಿ ನಗಿಸುತ್ತಾರೆ. ಆ ಕಾಲದ ಎಸ್ಟೋನಿಯನ್ನರು ಹೋಟೆಲನ್ನು ‘ಮೈಕ್ರೊಕಾಂಕ್ರೀಟ್’ ಕಟ್ಟಡ ಅನ್ನುತ್ತಿದ್ದರಂತೆ, ಅರ್ಧ ಮೈಕ್ರೊಫೋನ್, ಅರ್ಧ ಕಾಂಕ್ರೀಟ್. ಆ ನಗು ನಿಜವಾದದ್ದು, ಭಯದ ನಡುವೆ ಬದುಕಿದವರ ನಗು. ಅದೇ ದಿನ ಮೊದಲು ಪಗಾರಿಯ ನೆಲಮಾಳಿಗೆ ಇಳಿದು ಬಂದವರಿಗೆ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. ವಿರುವನ್ನು ಸಂಜೆಗೆ ಇಡಿ ಅನ್ನುವುದು ಇದಕ್ಕೇ. ಇನ್ನೊಂದು ಕಾರಣ ಬಾಲ್ಕನಿ: ಅಲ್ಲಿಂದ ಇಡೀ ಹಳೇ ಊರು ಕಾಣುತ್ತದೆ, ಓಲೆವಿಸ್ತೆಯ ಗೋಪುರವನ್ನು ಗುರುತಿಟ್ಟುಕೊಂಡು ಅದರ ಬುಡದಲ್ಲಿರುವ ಪಗಾರಿಯ ಜಾಗವನ್ನೂ ಅಂದಾಜಿಸಬಹುದು. ಹತ್ತು ಹನ್ನೆರಡು ವಯಸ್ಸಿನ ಮಕ್ಕಳಿದ್ದರೆ ಮಾತ್ರ ಲೆಕ್ಕ ಬೇರೆ. ಅವರನ್ನು ವಿರುವಿಗೆ ಕರೆದೊಯ್ಯಿರಿ, ಪಗಾರಿ ಬಿಡಿ.

ಊರಾಚೆ: ಮಾರ್ಯಾಮ್ಯಾಗಿ

ಒಂದು ಪೈಸೆ ಖರ್ಚಿಲ್ಲದೆ ನೋಡಬಹುದಾದ, ಹೆಚ್ಚಿನವರು ಬಿಟ್ಟುಬಿಡುವ ಜಾಗ ಕಮ್ಯುನಿಸಂಗೆ ಬಲಿಯಾದವರ ಸ್ಮಾರಕ. ಪಿರಿತಾ ರಸ್ತೆಯಲ್ಲಿ, ಸಮುದ್ರದ ಪಕ್ಕ, ಕೇಂದ್ರದಿಂದ ನಾಲ್ಕೈದು ಕಿಲೋಮೀಟರ್. 2018ರ ಆಗಸ್ಟ್ 23ರಂದು ತೆರೆದರು, 1939ರ ಆ ಹಿಟ್ಲರ್-ಸ್ಟಾಲಿನ್ ಒಪ್ಪಂದದ ತಾರೀಕಿಗೆ. ಎರಡು ಎತ್ತರದ ಕಪ್ಪು ಗೋಡೆಗಳ ನಡುವೆ ಓಣಿಯಂತೆ ನಡೆಯುತ್ತೀರಿ. ಗೋಡೆಗಳ ಮೇಲೆ 22,000ಕ್ಕೂ ಹೆಚ್ಚು ಹೆಸರುಗಳು. ಮನೆಗೆ ಮರಳದವರು ಇವರು. ಒಂದೇ ಮನೆತನದ ಹೆಸರು ಒಂದರ ಕೆಳಗೊಂದು ಬರುವ ಕಡೆ ಕಣ್ಣು ತಾನಾಗಿ ನಿಲ್ಲುತ್ತದೆ. ಓಣಿ ಮುಗಿದರೆ ಸೇಬಿನ ಮರಗಳ ಅಂಗಳ, ಕಳೆದುಕೊಂಡ ಮನೆಯ ನೆನಪಿಗೆ. 

ಇದರ ಮಗ್ಗುಲಲ್ಲೇ ಸೋವಿಯತ್ ಕಾಲದ ಸ್ಮಾರಕವೂ ಇದೆ. 1960ರ ಎತ್ತರದ ಕಲ್ಲುಗಂಬ, ಆಮೇಲೆ 1970ರ ದಶಕದಲ್ಲಿ ಸುತ್ತ ಬೆಳೆದ ಕಾಂಕ್ರೀಟ್. ಎರಡು ಸ್ಮಾರಕಗಳು ಮೈಗೆ ಮೈ ತಾಗಿಸಿ ನಿಂತಿರುವುದರಿಂದ ಹೋಲಿಕೆ ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ಕಾಂಕ್ರೀಟ್ ಶಿಥಿಲವಾಗಿದೆ, ಬೇಲಿ ಹಾಕಿರುವ ಕಡೆ ನುಗ್ಗಬೇಡಿ. ಸ್ವಲ್ಪ ಈಚೆಗೆ ಮಾರ್ಯಾಮ್ಯಾಗಿ ಅರಮನೆ. ಅದರ ಹಿಂದಿನ ಅಂಗಳದಲ್ಲಿ ಕಿತ್ತು ತಂದ ಲೆನಿನ್, ಸ್ಟಾಲಿನ್, ಕಲಿನಿನ್ ಪ್ರತಿಮೆಗಳಿವೆ. ಮೊದಲು ರಾಶಿ ಬಿದ್ದಿದ್ದವು, ಈಗ ವಿವರಣೆಯ ಸಮೇತ ನಿಲ್ಲಿಸಿದ್ದಾರೆ.

ಹೋಟೆಲಿನ ಪಕ್ಕದ ಮಾಲ್ ವಿರು ಕೇಂದ್ರದ ಕೆಳಗಿನ ಬಸ್ ನಿಲ್ದಾಣದಿಂದ ಪಿರಿತಾ ಕಡೆ ಹೋಗುವ ಬಸ್ ಹಿಡಿಯಿರಿ. ಮುಂದಿನ ಬಾಗಿಲಲ್ಲಿ ಹತ್ತಿ, ಚಾಲಕನ ಪಕ್ಕದ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ತಾಗಿಸಿದರೆ ಟಿಕೆಟ್ ಆಗುತ್ತದೆ. ಭಾರತದಿಂದ ಬಂದವರಿಗೆ ಒಂದು ಎಚ್ಚರಿಕೆ: ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆಯೂ ತಾಗಿಸಿ ಕೊಡುವ ಸೌಲಭ್ಯವೂ ಮೊದಲು ಬಂದ್ ಆಗಿರುತ್ತವೆ. ಊರು ಬಿಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಎರಡನ್ನೂ ಆನ್ ಮಾಡಿಕೊಳ್ಳಿ. ಒಂದೇ ಆನ್ ಮಾಡಿದರೆ ಬಸ್ಸಿನ ಯಂತ್ರ ಕಾರ್ಡನ್ನು ಒಪ್ಪುವುದಿಲ್ಲ. ಚಳಿಗಾಲದಲ್ಲಿ ಮಾರ್ಯಾಮ್ಯಾಗಿಯನ್ನು ಮಧ್ಯಾಹ್ನಕ್ಕೆ ಇಡಬೇಡಿ. ಡಿಸೆಂಬರ್‌ನಲ್ಲಿ ಮೂರೂವರೆಗೇ ಕತ್ತಲು, ಸಮುದ್ರದ ಗಾಳಿಗೆ ಕೈಗವಸು ಇಲ್ಲದೆ ಹತ್ತು ನಿಮಿಷವೂ ನಿಲ್ಲಲಾಗದು.

ಲಿನ್ನಾಹಾಲ್ ಬಗ್ಗೆ ಎರಡು ಮಾತು ಸಾಕು. 1980ರ ಮಾಸ್ಕೋ ಒಲಿಂಪಿಕ್ಸಿನ ಹಾಯಿದೋಣಿ ಸ್ಪರ್ಧೆಗಳು ಟ್ಯಾಲಿನ್‌ನಲ್ಲಿ ನಡೆದವು, ಮಾಸ್ಕೋಗೆ ಸಮುದ್ರ ಇಲ್ಲವಲ್ಲ. ಆಗ ಕಟ್ಟಿದ ಸಭಾಂಗಣ ಇದು. ಸಮುದ್ರದಿಂದ ನೋಡಿದಾಗ ಹಳೇ ಊರಿನ ಗೋಪುರಗಳು ಮರೆಯಾಗದಿರಲಿ ಎಂದು ವಾಸ್ತುಶಿಲ್ಪಿ ರೈನೆ ಕಾರ್ಪ್ ಇದನ್ನು ತಗ್ಗಾಗಿ, ಹರವಾಗಿ ಮಾಡಿದರು. ಒಳಗೆ ಪ್ರವೇಶವಿಲ್ಲ. ಮೆಟ್ಟಿಲುಗಳು ಒಡೆದಿವೆ, ಮಳೆಯಾದರೆ ಜಾರುತ್ತವೆ. ಪಗಾರಿಯಿಂದ ಹತ್ತು ನಿಮಿಷದ ದಾರಿಯಾದ್ದರಿಂದ ಹಡಗಿಗೆ ಹೊತ್ತಿದ್ದರೆ ನೋಡಿ. ಪತಾರೆಯ್ ಸೆರೆಮನೆ ದುರಸ್ತಿಯ ಕೈಯಲ್ಲಿದೆ, ಅದನ್ನು ನಂಬಿ ದಿನ ಹೊಂದಿಸಬೇಡಿ.

ಇವೆಲ್ಲದರಲ್ಲೂ ಒಂದು ಕೊರತೆ ಉಳಿಯುತ್ತದೆ. ಜರ್ಮನ್ ಆಳ್ವಿಕೆಯಲ್ಲಿ ಯಹೂದಿಗಳ ಕೊಲೆ ವಬಾಮುವಿನಲ್ಲಿ ಬರುತ್ತದೆ, ಆದರೆ ಸೋವಿಯತ್ ಕಾಲದ ಭಾರದ ಕೆಳಗೆ ಸಣ್ಣದಾಗಿ ಕಾಣುತ್ತದೆ. ಅದಕ್ಕೆ ಸುಮಾರು 40 ಕಿಲೋಮೀಟರ್ ದೂರದ ಕ್ಲೂಗಾಕ್ಕೆ ಹೋಗಬೇಕು. 1944ರ ಸೆಪ್ಟೆಂಬರ್ 19ರಂದು, ಸೋವಿಯತ್ ಸೈನ್ಯ ಹತ್ತಿರವಾಗುತ್ತಿದ್ದಂತೆ, ಅಲ್ಲಿನ ಶಿಬಿರದಲ್ಲಿ ಸುಮಾರು 2,000 ಕೈದಿಗಳನ್ನು ಕೊಂದು ಕಟ್ಟಿಗೆಯ ರಾಶಿಗಳ ಮೇಲೆ ಸುಟ್ಟರು. ಬಾಲ್ಟಿ ನಿಲ್ದಾಣದಿಂದ ಲೋಕಲ್ ರೈಲು ಇದೆ, ಇಳಿದು ನಡೆಯಬೇಕು. ಎಲ್ಲ ರೈಲುಗಳೂ ಅತ್ತ ಹೋಗುವುದಿಲ್ಲ, ಮರಳುವ ರೈಲಿನ ಹೊತ್ತು ನೋಡಿಕೊಂಡೇ ಹೊರಡಿ. ಅರ್ಧ ದಿನ ಬೇಕು.

ಹೆಲ್ಸಿಂಕಿಯಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಹಡಗಿನಲ್ಲಿ ಎರಡು ಗಂಟೆಯ ದಾರಿ, ಒಂದೇ ದಿನದಲ್ಲಿ ಹೋಗಿಬರಬಹುದು. ಬೆಳಗಿನ ಹಡಗು, ವಬಾಮು, ತೋನಿಸ್‌ಮ್ಯಾಗಿ, ಊಟ, ಪಗಾರಿ, ಆಮೇಲೆ ಸಂಜೆಯ ವಿರು. ಇನ್ನೊಂದು ದಿನ ಇದ್ದರೆ ಬೆಳಿಗ್ಗೆಯೇ ಮಾರ್ಯಾಮ್ಯಾಗಿ. ಮೂರೇ ಗಂಟೆ ಇದ್ದರೆ ವಬಾಮು ಮತ್ತು ಪಗಾರಿ, ವಿರುವನ್ನು ಹೊರಗಿನಿಂದಲೇ ನೋಡಿ. ಬಸ್ಸಿನಲ್ಲಿ ರಿಗಾಕ್ಕೆ ಹೊರಟವರಿಗೆ ಕೊನೆಯದೊಂದು ಅವಕಾಶವಿದೆ. ಬಸ್ ನಿಲ್ದಾಣದಿಂದ ಕಾಲು ಗಂಟೆ ನಡೆದರೆ ಫಿಲ್ಟ್ರಿ ರಸ್ತೆಯ ಸೈನಿಕ ಸ್ಮಶಾನ. ತೋನಿಸ್‌ಮ್ಯಾಗಿಯಿಂದ ಎತ್ತಿದ ಕಂಚಿನ ಸೈನಿಕ ಈಗ ಅಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತಿದ್ದಾನೆ. ಬುಡದಲ್ಲಿ ಹೂವಿರುವುದುಂಟು, ಸೋವಿಯತ್ ವಿಜಯ ದಿನವಾದ ಮೇ 9ರಂದಂತೂ ರಾಶಿ. ಅಲ್ಲಿಗೆ ಬರುವವರಲ್ಲಿ ಸತ್ತವರನ್ನು ನೆನೆಯಲು ಬಂದ ಮನೆಯವರೂ ಇರುತ್ತಾರೆ, ಕ್ಯಾಮೆರಾ ಒಳಗಿಡಿ.