ಟ್ಯೂರಿನ್‌ನ ಈಜಿಪ್ಟ್ ವಸ್ತುಸಂಗ್ರಹಾಲಯ: ಅರಸರನ್ನು ಕೆಳಗಿನಿಂದ ನೋಡುವ ಅವಕಾಶ

ಪ್ರಾಚೀನ ಈಜಿಪ್ಟಿನ ವಸ್ತುಗಳನ್ನು ನೋಡಬೇಕೆಂದರೆ ಕೈರೋಗೆ ಹೋಗಬೇಕು, ಅದಾಗದಿದ್ದರೆ ಲಂಡನ್ನಿಗೋ ಪ್ಯಾರಿಸ್ಸಿಗೋ ಹೋಗಬೇಕು ಎಂಬುದು ರೂಢಿಯ ಮಾತು. ಉತ್ತರ ಇಟಲಿಯ ಟ್ಯೂರಿನ್ ನಗರದಲ್ಲಿರುವ ಈಜಿಪ್ಟ್ ವಸ್ತುಸಂಗ್ರಹಾಲಯದ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಆ ನಾಗರಿಕತೆಯಲ್ಲಿ ಯಾರು ಆಳಿದರು, ಯಾರು ದುಡಿದರು, ದುಡಿದವರಿಗೆ ಏನು ಸಿಕ್ಕಿತು, ಇವೆಲ್ಲಕ್ಕೂ ಆಧಾರವಾಗಿದ್ದ ನದಿ ಮತ್ತು ಮರಳುಗಾಡು ಹೇಗಿದ್ದವು ಎಂಬುದನ್ನು ಒಂದೇ ಸೂರಿನಡಿ ತಿಳಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಇಲ್ಲಿನ ಅತ್ಯುತ್ತಮ ವಸ್ತುಗಳು ಅರಸರವಲ್ಲ, ಅರಸರಿಗಾಗಿ ಕೆಲಸ ಮಾಡಿದವರವು. ಈ ವಿಮರ್ಶೆಯಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಸಂಸ್ಥೆ ಆರಂಭವಾದದ್ದು 1824ರಲ್ಲಿ. ಈಜಿಪ್ಟಿನಲ್ಲಿ ಫ್ರಾನ್ಸಿನ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದ ಬರ್ನಾರ್ಡಿನೊ ಡ್ರೊವೆಟ್ಟಿ ಕೂಡಿಹಾಕಿದ್ದ 5,000ಕ್ಕೂ ಹೆಚ್ಚು ವಸ್ತುಗಳನ್ನು ಟ್ಯೂರಿನ್ ರಾಜಧಾನಿಯಾಗಿದ್ದ ಸಾರ್ಡೀನಿಯಾ ರಾಜ್ಯದ ಅರಸ ಕಾರ್ಲೊ ಫೆಲಿಚೆ ಕೊಂಡುಕೊಂಡನು. ಈಜಿಪ್ಟಿನ ಚಿತ್ರಲಿಪಿಯನ್ನು ಓದುವ ಬಗೆ ಕಂಡುಹಿಡಿದು ಆಗಷ್ಟೇ ಎರಡು ವರ್ಷವಾಗಿದ್ದ ಫ್ರೆಂಚ್ ವಿದ್ವಾಂಸ ಶಾಂಪೋಲಿಯೋ ಅದೇ ವರ್ಷ ಇಲ್ಲಿಗೆ ಬಂದು ಈ ಸಂಗ್ರಹವನ್ನು ಅಭ್ಯಾಸ ಮಾಡಿದನು. ನಂತರ ನಿರ್ದೇಶಕನಾದ ಅರ್ನೆಸ್ಟೊ ಸ್ಕಿಯಾಪರೆಲ್ಲಿ 1903ರಿಂದ 1920ರವರೆಗೆ ಈಜಿಪ್ಟಿನಲ್ಲಿ ತಾನೇ ಉತ್ಖನನ ನಡೆಸಿ, ಅಲ್ಲಿನ ಪುರಾತತ್ವ ಇಲಾಖೆ ಪಾಲಾಗಿ ಕೊಟ್ಟ ವಸ್ತುಗಳನ್ನು ಇಲ್ಲಿಗೆ ತಂದನು. ಇಂದು ಸಂಗ್ರಹದಲ್ಲಿ ಸುಮಾರು 40,000 ವಸ್ತುಗಳಿವೆ. ಕೊಂಡು ತಂದ ವಸ್ತುವಿಗೂ ಅಗೆದು ತಂದ ವಸ್ತುವಿಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ: ಅಗೆದು ತಂದವುಗಳಿಗೆ ಊರಿದೆ, ಮನೆಯಿದೆ, ಅಕ್ಕಪಕ್ಕದಲ್ಲಿ ಏನಿತ್ತೆಂಬ ದಾಖಲೆಯಿದೆ. ಸಮಾಜವನ್ನು ಅರಿಯಲು ಬೇಕಾಗುವುದು ಅಂಥವೇ.

ಕಟ್ಟಡವು 17ನೆಯ ಶತಮಾನದ್ದು. ಒಳಗಿನ ವ್ಯವಸ್ಥೆಯನ್ನು ಸಂಪೂರ್ಣವಾಗಿ ಬದಲಿಸಿ 2015ರಲ್ಲಿ ಮತ್ತೆ ತೆರೆದ ಮೇಲೆ, ನೋಡುಗರು ಮೇಲಿನ ಅಂತಸ್ತಿನಿಂದ ಕಾಲಕ್ರಮದಲ್ಲಿ ಕೆಳಗಿಳಿಯುವಂತೆ ದಾರಿ ರೂಪಿಸಲಾಗಿದೆ. ಈ ಕ್ರಮ ಬಹಳ ಸರಿಯಾದದ್ದು, ಏಕೆಂದರೆ ಅರಸರು ಹುಟ್ಟುವ ಮೊದಲೇ ಇದ್ದ ನದಿಯನ್ನು ನಾವು ಮೊದಲು ಕಾಣುತ್ತೇವೆ. ಗೆಬೆಲೈನ್ ಎಂಬಲ್ಲಿ 1930ರಲ್ಲಿ ಸಿಕ್ಕ, ಕ್ರಿ.ಪೂ. 3600ರ ಸುಮಾರಿನ ಚಿತ್ರಿತ ನಾರುಬಟ್ಟೆಯೊಂದು ಇಲ್ಲಿದೆ. ಹರಿದು ಚೂರಾಗಿರುವ ಆ ಬಟ್ಟೆಯ ಮೇಲೆ ಹುಟ್ಟು ಹಾಕುತ್ತಿರುವ ದೋಣಿಗಳು, ನೀರಾನೆಯ ಬೇಟೆ, ಕುಣಿಯುತ್ತಿರುವ ಜನರು ಇದ್ದಾರೆ. ಪಿರಮಿಡ್ಡುಗಳಿಗಿಂತ ಸಾವಿರ ವರ್ಷ ಹಳೆಯದಾದ ಒಂದು ತುಂಡು ಬಟ್ಟೆ ಉಳಿದಿರುವುದಕ್ಕೆ ಕಾರಣ ಮರಳುಗಾಡಿನ ಒಣಹವೆಯೇ. ಅದೇ ಯುಗದ, ಮುದುಡಿ ಮಲಗಿದ ಭಂಗಿಯ ಶವವೊಂದೂ ಇಲ್ಲಿದೆ. ಅದು ಬಿಸಿಮರಳಿನಲ್ಲಿ ತಾನಾಗಿಯೇ ಒಣಗಿ ಉಳಿದದ್ದೆಂದು ಬಹುಕಾಲ ನಂಬಲಾಗಿತ್ತು. ಆದರೆ ಗಿಡದ ಎಣ್ಣೆ, ಮರದ ರಾಳ, ಅಂಟು ಇವುಗಳ ಮಿಶ್ರಣವನ್ನು ಅದಕ್ಕೆ ಲೇಪಿಸಲಾಗಿತ್ತೆಂದು 2018ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು.

ಈಜಿಪ್ಟ್ ನೈಲ್ ನದಿಯ ಕೊಡುಗೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಕೊಡುಗೆಯ ಹಿಂದಿರುವ ಮಳೆಯ ಬಗ್ಗೆ ಓದಿದ್ದು ಕಡಿಮೆ. ಈಜಿಪ್ಟಿನಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಪ್ರವಾಹದ ನೀರು ಬರುತ್ತಿದ್ದುದು ಇಥಿಯೋಪಿಯಾದ ಎತ್ತರದ ನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಿಂದ. ನಮ್ಮ ಮುಂಗಾರಿನ ತಿಂಗಳುಗಳೂ ಅವೇ. ಎಲ್ ನಿನೊ ಬಂದ ವರ್ಷಗಳಲ್ಲಿ ನಮ್ಮ ಮುಂಗಾರು ಕೈಕೊಡುವಂತೆ ಅಲ್ಲಿನ ಮಳೆಯೂ ಸೊರಗುವುದುಂಟು. ಪ್ರವಾಹ, ಬಿತ್ತನೆ, ಸುಗ್ಗಿ ಎಂದು ನಾಲ್ಕು ನಾಲ್ಕು ತಿಂಗಳ ಮೂರು ಋತುಗಳಾಗಿ ಅವರು ವರ್ಷವನ್ನು ವಿಂಗಡಿಸಿಕೊಂಡಿದ್ದರು. ನದಿ ತುಸು ಕಡಿಮೆ ಏರಿದರೆ ಹೊಲಕ್ಕೆ ನೀರು ತಲುಪುತ್ತಿರಲಿಲ್ಲ, ಹೆಚ್ಚು ಏರಿದರೆ ಊರು ಕಣಜಗಳು ಕೊಚ್ಚಿಹೋಗುತ್ತಿದ್ದವು. ಹೀಗಾಗಿ ಧಾನ್ಯವನ್ನು ಕೂಡಿಡಬಲ್ಲವನ ಕೈಯಲ್ಲೇ ಅಧಿಕಾರವಿತ್ತು. ಗೆಬೆಲೈನ್‌ನ ಅಧಿಕಾರಿ ಇಟಿ ಮತ್ತು ಅವನ ಹೆಂಡತಿ ನೆಫೆರು ಅವರ ಸಮಾಧಿಯಿಂದ ತಂದ ಭಿತ್ತಿಚಿತ್ರಗಳು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ. ಕೇಂದ್ರದ ಅರಸೊತ್ತಿಗೆ ಕುಸಿದು ಪ್ರಾಂತಗಳು ತಮ್ಮ ಪಾಡಿಗೆ ತಾವಿದ್ದ ಕಾಲದ ಚಿತ್ರಗಳಿವು. ಚೀಲ ಹೊತ್ತ ಆಳುಗಳು ಸಾಲಾಗಿ ಬಂದು ಕಣಜ ತುಂಬುವ ದೃಶ್ಯವನ್ನು ಅಧಿಕಾರಿಯೊಬ್ಬನು ತನ್ನ ಸಮಾಧಿಯ ಗೋಡೆಗೆ ಆರಿಸಿಕೊಂಡನೆಂದರೆ, ತುಂಬಿದ ಕಣಜವೇ ಅವನ ದೊಡ್ಡಸ್ತಿಕೆಯಾಗಿತ್ತು.

ಅನಂತರ ಬರುವುದು ದೇರ್ ಎಲ್-ಮದೀನಾ ಊರಿನ ವಿಭಾಗ. ಇಡೀ ಸಂಗ್ರಹಾಲಯದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಇಲ್ಲಿಯೇ. ನೈಲ್ ತೀರದ ಪ್ರಾಚೀನ ನಗರ ಥೀಬ್ಸ್‌ನ ಪಶ್ಚಿಮ ದಂಡೆಯ ಬೆಟ್ಟದ ನಡುವಿನ ಈ ಊರಿನಲ್ಲಿ ಅರಸರ ಕಣಿವೆಯ ಸಮಾಧಿಗಳನ್ನು ಕೊರೆದು ಚಿತ್ರಿಸುತ್ತಿದ್ದ ಕಲ್ಲುಕುಟಿಗರು, ಚಿತ್ರಕಾರರು, ಲಿಪಿಕಾರರು ತಮ್ಮ ಸಂಸಾರದೊಂದಿಗೆ ವಾಸವಾಗಿದ್ದರು. ಅವರ ಸಂಬಳ ಧಾನ್ಯದ ರೂಪದಲ್ಲಿತ್ತು. ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ 4 ಖಾರ್ ಎಮ್ಮರ್ ಗೋಧಿ, ಒಂದೂವರೆ ಖಾರ್ ಬಾರ್ಲಿ. ಮೇಸ್ತ್ರಿಗೆ ಐದೂವರೆ ಖಾರ್ ಗೋಧಿ, 2 ಖಾರ್ ಬಾರ್ಲಿ. ಒಂದು ಖಾರ್ ಎಂದರೆ ಸುಮಾರು 77 ಲೀಟರ್. ಗೋಧಿ ರೊಟ್ಟಿಗೆ, ಬಾರ್ಲಿ ಬಿಯರಿಗೆ. ಈ ಎಮ್ಮರ್ ಗೋಧಿ ಬೇರೆ ಯಾವುದೋ ಅಲ್ಲ, ನಮ್ಮ ಉತ್ತರ ಕರ್ನಾಟಕದಲ್ಲಿ ಈಗಲೂ ಬೆಳೆಯುವ ಖಪ್ಲಿ ಗೋಧಿಯ ಜಾತಿಯೇ. ಕೆಲಸಗಾರನಿಗೂ ಮೇಸ್ತ್ರಿಗೂ ಇದ್ದ ಅಂತರ ಎರಡು ಖಾರ್ ಮಾತ್ರ ಎಂಬುದು ಗಮನಿಸಬೇಕಾದ ಸಂಗತಿ. ಆದರೆ ಊರಿನಲ್ಲಿ ನೀರಿನ ಸೌಲಭ್ಯವಿರಲಿಲ್ಲ. ಕತ್ತೆಗಳ ಮೇಲೆ ನೀರು ಹೇರಿ ತರುವವರು, ಮೀನುಗಾರರು, ಸೌದೆ ಕಡಿಯುವವರು, ತರಕಾರಿ ಬೆಳೆಯುವವರು, ಬಟ್ಟೆ ಒಗೆಯುವವರು ಹೊರಗಿನಿಂದ ಬಂದು ಈ ಊರನ್ನು ಸಾಕುತ್ತಿದ್ದರು. ಪಠ್ಯಪುಸ್ತಕದಲ್ಲಿ ಕಾಣುವ ಫೆರೋ, ವಜೀರ, ಅರ್ಚಕ, ಲಿಪಿಕಾರ, ಕುಶಲಕರ್ಮಿ, ರೈತ, ಗುಲಾಮ ಎಂಬ ಮೆಟ್ಟಿಲುಗಳ ಚಿತ್ರದಲ್ಲಿ ನೀರು ಹೊರುವವನಿಗೆ ಜಾಗವೇ ಇಲ್ಲ. ಕುಶಲಕರ್ಮಿಯ ಕೆಳಗೂ ಒಂದು ಲೋಕವಿತ್ತೆಂಬುದು ಈ ಊರಿನ ದಾಖಲೆಗಳಿಂದ ತಿಳಿಯುತ್ತದೆ.

ಈ ಊರಿನ ಕಾಮಗಾರಿಗಳ ಮುಖ್ಯಸ್ಥನಾಗಿದ್ದವನು ಖಾ. ಅವನೂ ಅವನ ಹೆಂಡತಿ ಮೆರಿತ್‌ಳೂ ಇದ್ದ ಸಮಾಧಿಯನ್ನು ಸ್ಕಿಯಾಪರೆಲ್ಲಿ 1906ರಲ್ಲಿ ತೆರೆದಾಗ ಅದಕ್ಕೆ ಯಾವ ಕಳ್ಳನ ಕೈಯೂ ತಾಗಿರಲಿಲ್ಲ. ಅದರಲ್ಲಿದ್ದ 400ಕ್ಕೂ ಹೆಚ್ಚು ವಸ್ತುಗಳು ಬಹುಮಟ್ಟಿಗೆ ಎಲ್ಲವೂ ಇಲ್ಲಿ ಒಟ್ಟಿಗೆ ಇವೆ. ಮೇಜಿನ ಮೇಲೆ ಬೇರೆ ಬೇರೆ ಆಕಾರದ ರೊಟ್ಟಿಗಳು, ಬೆಳ್ಳುಳ್ಳಿ, ಈರುಳ್ಳಿ, ದ್ರಾಕ್ಷಿ, ಖರ್ಜೂರ; ಪಕ್ಕದಲ್ಲಿ ಮಡಿಸಿಟ್ಟ ನಾರುಬಟ್ಟೆಗಳು, ಚಪ್ಪಲಿಗಳು, ಪಗಡೆಯಂಥ ಸೆನೆತ್ ಆಟದ ಪೆಟ್ಟಿಗೆ. ಮೆರಿತ್‌ಳ ಚೌರಿಕೂದಲು ಅದಕ್ಕೆಂದೇ ಮಾಡಿಸಿದ ಎತ್ತರದ ಮರದ ಪೆಟ್ಟಿಗೆಯೊಂದಿಗೆ ಉಳಿದಿದೆ. ನಿಜವಾದ ಕೂದಲಿನ ಸಣ್ಣ ಸಣ್ಣ ಹೆಣಿಗೆಗಳು ಅಲೆಅಲೆಯಾಗಿ ಇಳಿಬಿದ್ದಿವೆ. ಅವಳು ಗಂಡನಿಗಿಂತ ಮೊದಲೇ ತೀರಿಕೊಂಡಿರಬೇಕು. ಅವಳನ್ನಿಟ್ಟ ಶವಪೆಟ್ಟಿಗೆಯ ಮೇಲೆ ಬರೆದಿರುವ ಹೆಸರು ಖಾನದು. ತನಗಾಗಿ ಸಿದ್ಧಪಡಿಸಿಕೊಂಡಿದ್ದ ಪೆಟ್ಟಿಗೆಯನ್ನು ಅವನು ಹೆಂಡತಿಗೆ ಬಿಟ್ಟುಕೊಟ್ಟಿದ್ದಾನೆ. ಇಬ್ಬರ ಶವಗಳನ್ನೂ ಇದುವರೆಗೆ ಬಿಚ್ಚಿಲ್ಲ. ಒಳಗೆ ಇಬ್ಬರ ಕೊರಳಲ್ಲೂ ಆಭರಣಗಳಿರುವುದು ಎಕ್ಸ್-ರೇ ಚಿತ್ರಗಳಿಂದ ತಿಳಿದಿದೆ.

ಇಲ್ಲಿ ಯಾವುದನ್ನು ಹತ್ತಿರದಿಂದ ನೋಡಬೇಕೆಂದು ಯಾರಾದರೂ ಕೇಳಿದರೆ ನಾನು ಖಾನ ಅಳತೆಗೋಲುಗಳನ್ನು ತೋರಿಸುತ್ತೇನೆ. ಅವು ಎರಡಿವೆ. ಒಂದು ಚಿನ್ನದ ತಗಡು ಹೊದಿಸಿದ್ದು, ಎರಡನೆಯ ಅಮೆನ್‌ಹೊಟೆಪ್ ಅರಸನ ಹೆಸರನ್ನು ಹೊತ್ತಿರುವ ಉಡುಗೊರೆ. ಅದರಿಂದ ಯಾರೂ ಏನನ್ನೂ ಅಳೆದಿರಲಾರರು. ಇನ್ನೊಂದು ನಡುವೆ ಮಡಚುವ ಮರದ ಕೋಲು, ಚರ್ಮದ ಚೀಲದಲ್ಲಿಟ್ಟು ಕೆಲಸಕ್ಕೆ ಒಯ್ಯುವಂಥದ್ದು. ಅರಸನ ಮೆಚ್ಚುಗೆ ಒಂದರಲ್ಲಿ, ಅದನ್ನು ಗಳಿಸಿಕೊಟ್ಟ ದುಡಿಮೆ ಇನ್ನೊಂದರಲ್ಲಿ. ಮಧ್ಯಮ ಮಟ್ಟದ ಅಧಿಕಾರಿಯೊಬ್ಬನು ಮೇಲಕ್ಕೂ ಕೆಳಕ್ಕೂ ಹೇಗೆ ಬೆಸೆದುಕೊಂಡಿದ್ದನೆಂಬುದನ್ನು ಈ ಎರಡು ಕೋಲುಗಳಷ್ಟು ಚೆನ್ನಾಗಿ ಯಾವ ವಿವರಣಾಫಲಕವೂ ಹೇಳಲಾರದು.

ಪಪೈರಸ್ ಎಂಬ ಜೊಂಡಿನಿಂದ ಮಾಡಿದ ಬರಹದ ಹಾಳೆಗಳ ವಿಭಾಗವನ್ನು ಅವಸರದಲ್ಲಿ ದಾಟಬಾರದು. ಹೊರನೋಟಕ್ಕೆ ಇವು ಕಂದುಬಣ್ಣದ ಚೂರುಗಳು, ಆದರೆ ಈಜಿಪ್ಟಿನ ಅರಸೊತ್ತಿಗೆಯ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ವಿಷಯಗಳಿಗೆ ಇವೇ ಆಧಾರ. ಎರಡನೆಯ ರಾಮ್ಸೆಸ್‌ನ ಕಾಲದ ಅರಸರ ಪಟ್ಟಿಯಲ್ಲಿ ದೇವತೆಗಳಿಂದ ಆರಂಭಿಸಿ ಒಬ್ಬೊಬ್ಬ ಅರಸನೂ ಎಷ್ಟು ಕಾಲ ಆಳಿದನೆಂದು ಬರೆಯಲಾಗಿದೆ. ಅದನ್ನು ಬರೆದಿರುವುದು ತೆರಿಗೆ ಲೆಕ್ಕದ ಹಳೆಯ ಸುರುಳಿಯೊಂದರ ಹಿಂಬದಿಯಲ್ಲಿ. ಅರಸರ ಸಾಲನ್ನು ಯಾವ ಆದಾಯ ಹೊತ್ತು ನಿಂತಿತ್ತೋ ಅದರ ಲೆಕ್ಕ ಅದೇ ಹಾಳೆಯ ಇನ್ನೊಂದು ಮುಖದಲ್ಲಿದೆ. ಮೂರನೆಯ ರಾಮ್ಸೆಸ್‌ನ ಕೊಲೆಗೆ ಅಂತಃಪುರದಲ್ಲಿ ನಡೆದ ಸಂಚಿನ ವಿಚಾರಣೆಯ ದಾಖಲೆಯೂ ಇಲ್ಲಿದೆ. ಆರೋಪಿಗಳೊಂದಿಗೆ ಸೇರಿ ಕುಡಿದು ಮೋಜು ಮಾಡಿದ್ದಕ್ಕಾಗಿ ಕೆಲವು ನ್ಯಾಯಾಧೀಶರ ಮೂಗು ಕಿವಿ ಕತ್ತರಿಸಲಾಯಿತೆಂದು ಅದು ಹೇಳುತ್ತದೆ. ಆ ಅರಸನ ಶವದ ಗಂಟಲಿನಲ್ಲಿ ಆಳವಾದ ಕತ್ತಿಯೇಟು ಇರುವುದು 2012ರಲ್ಲಿ ಸಿಟಿ ಸ್ಕ್ಯಾನ್‌ನಿಂದ ಬೆಳಕಿಗೆ ಬಂದಿತು.

ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಮುಷ್ಕರದ ಪಪೈರಸ್. ಅದೇ ಮೂರನೆಯ ರಾಮ್ಸೆಸ್‌ನ 29ನೆಯ ವರ್ಷ, ಎಂದರೆ ಕ್ರಿ.ಪೂ. 1157ರ ಸುಮಾರು, ದೇರ್ ಎಲ್-ಮದೀನಾದ ಕೆಲಸಗಾರರಿಗೆ ಧಾನ್ಯ ಬರುವುದು ತಡವಾಯಿತು. ತಿಂಗಳಿನ 18 ದಿನ ಕಳೆದರೂ ಪಡಿ ಬರಲಿಲ್ಲವೆಂದು ಅವರು ಕೆಲಸ ಬಿಟ್ಟು ಕಾವಲುಗೋಡೆಗಳನ್ನು ದಾಟಿ ಬಂದು ದೇವಾಲಯದ ಹಿಂದೆ ಕುಳಿತರು. ಹಸಿವು ನೀರಡಿಕೆಗಳಿಂದ ಇಲ್ಲಿಗೆ ಬಂದಿದ್ದೇವೆ, ಉಡಲು ಬಟ್ಟೆಯಿಲ್ಲ, ಮೈಗೆ ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ, ಇದನ್ನು ಅರಸನಿಗೂ ವಜೀರನಿಗೂ ಬರೆದು ತಿಳಿಸಿ ಎಂದು ಅವರು ಕೇಳಿದರು. ಹಿಂದಿನ ತಿಂಗಳ ಬಾಕಿ ಕೊನೆಗೆ ಸಿಕ್ಕಿತು. ದಾಖಲೆಯಿರುವ ಮುಷ್ಕರಗಳಲ್ಲಿ ಜಗತ್ತಿನಲ್ಲೇ ಮೊದಲನೆಯದೆಂದು ಇದನ್ನು ಗುರುತಿಸುತ್ತಾರೆ. ದೇವರೆಂದು ಪೂಜೆಗೊಳ್ಳುತ್ತಿದ್ದ ಅರಸನ ಸಮಾಧಿ ಕೊರೆಯುವವರು ಅವನಿಗೇ ದೂರು ಬರೆಸಿದರು, ಊರಿನ ಲಿಪಿಕಾರನು ಅದನ್ನು ದಿನಾಂಕ ಸಹಿತ ದಾಖಲಿಸಿದನು. ಇದನ್ನು ಕಂಡ ಮೇಲೆ, ಫೆರೋನ ಮುಂದೆ ಪ್ರಜೆಗಳೆಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆಂಬ ಸಾಮಾನ್ಯ ನಂಬಿಕೆಯನ್ನು ಒಪ್ಪಲು ಸಾಧ್ಯವಿಲ್ಲ. ಇದನ್ನು ಬರೆದವನೆಂದು ವಿದ್ವಾಂಸರು ಹೇಳುವ ಅಮೆನ್ನಖ್ತ್‌ನೇ ಪೂರ್ವದ ಮರಳುಗಾಡಿನ ಕಣಿವೆಯಾದ ವಾದಿ ಹಮ್ಮಾಮಾತ್‌ನ ನಕ್ಷೆಯನ್ನೂ ಬರೆದನೆಂದು ತಿಳಿಯಲಾಗಿದೆ. ಚಿನ್ನದ ಗಣಿಯ ಗುಡ್ಡಗಳಿಗೆ ನಸುಗೆಂಪು, ಉಳಿದವಕ್ಕೆ ಕಪ್ಪು ಬಣ್ಣ ಬಳಿದಿರುವ ಈ ನಕ್ಷೆ ನಾಲ್ಕನೆಯ ರಾಮ್ಸೆಸ್‌ನ ಕಾಲದ್ದು. ಆ ಅರಸನು ಅಲ್ಲಿನ ಕಲ್ಲಿಗಾಗಿ ಕಳುಹಿಸಿದ ದಂಡಿನಲ್ಲಿ 8,000ಕ್ಕೂ ಹೆಚ್ಚು ಜನರಿದ್ದರೆಂದೂ 900 ಮಂದಿ ಸತ್ತರೆಂದೂ ಅದೇ ಕಣಿವೆಯ ಶಾಸನವೊಂದು ಹೇಳುತ್ತದೆ.

ನೆಲ ಅಂತಸ್ತಿನ ಅರಸರ ಪ್ರತಿಮೆಗಳ ಮೊಗಸಾಲೆಯನ್ನು 2024ರಲ್ಲಿ, ಸಂಸ್ಥೆಗೆ 200 ವರ್ಷ ತುಂಬಿದಾಗ, ಹೊಸದಾಗಿ ಜೋಡಿಸಲಾಯಿತು. ಮೊದಲಿದ್ದ ಕತ್ತಲೆ ಮತ್ತು ಕನ್ನಡಿಗಳ ಅಲಂಕಾರವನ್ನು ತೆಗೆದು ಹಗಲಿನ ಬೆಳಕನ್ನು ಒಳಗೆ ಬಿಟ್ಟದ್ದು ಒಳ್ಳೆಯ ತೀರ್ಮಾನ. ಈ ವಿಗ್ರಹಗಳು ಸೂರ್ಯನ ಬೆಳಕಿನ ಅಂಗಳಗಳಿಗಾಗಿ ಕಡೆದವು. ಎರಡನೆಯ ರಾಮ್ಸೆಸ್‌ನ ಕುಳಿತ ಪ್ರತಿಮೆ, 5 ಮೀಟರಿಗೂ ಎತ್ತರದ ಎರಡನೆಯ ಸೇತಿಯ ಪ್ರತಿಮೆ, ಸಿಂಹಮುಖದ ಸೆಖ್ಮೆತ್ ದೇವಿಯ ಸಾಲುವಿಗ್ರಹಗಳು ಗಂಭೀರವಾಗಿವೆ. ಬಹುತೇಕ ಪ್ರವಾಸಿಗರು ಫೋಟೊ ತೆಗೆಯುವುದು ಇಲ್ಲಿಯೇ. ಮೇಲಿನ ಅಂತಸ್ತುಗಳನ್ನು ನೋಡಿ ಬಂದವರಿಗೆ ಮಾತ್ರ ಆ ನುಣುಪಾದ ಕಲ್ಲಿನ ಹಿಂದಿರುವ ಧಾನ್ಯದ ಲೆಕ್ಕವೂ ಕಾಣುತ್ತದೆ. ಮೂರನೆಯ ಥುತ್ಮೋಸ್ ಅರಸನು ಈಜಿಪ್ಟಿನ ದಕ್ಷಿಣಕ್ಕಿರುವ ನ್ಯೂಬಿಯಾದಲ್ಲಿ ಬಂಡೆಯಲ್ಲಿ ಕೊರೆಯಿಸಿದ ಎಲ್ಲೆಸಿಯಾ ಗುಡಿಯನ್ನೂ ತಪ್ಪದೆ ನೋಡಬೇಕು. ಅಸ್ವಾನ್ ಅಣೆಕಟ್ಟಿನ ಹಿನ್ನೀರಿನಿಂದ ಸ್ಮಾರಕಗಳನ್ನು ಉಳಿಸಲು ನೆರವಾದ ಇಟಲಿಗೆ ಈಜಿಪ್ಟ್ ಇದನ್ನು ಕೊಡುಗೆಯಾಗಿ ಕೊಟ್ಟಿತು. ಸಾವಿರಾರು ವರ್ಷ ತಪ್ಪದೆ ಬರುತ್ತಿದ್ದ ವಾರ್ಷಿಕ ಪ್ರವಾಹವನ್ನು ನಿಲ್ಲಿಸಿದ್ದೂ ಅದೇ ಅಣೆಕಟ್ಟು.

ಇಲ್ಲಿ ಕಾಣದವರ ಬಗ್ಗೆಯೂ ಒಂದು ಮಾತು. ಆ ನಾಡಿನ ಬಹುಸಂಖ್ಯಾತರು ರೈತರು. ಹಸಿಮಣ್ಣಿನ ಇಟ್ಟಿಗೆಯ ಅವರ ಮನೆಗಳು ಪ್ರವಾಹದ ಬಯಲಿನಲ್ಲಿದ್ದುದರಿಂದ ಕರಗಿಹೋದವು. ಓದು ಬರಹ ಅವರಿಗಿರಲಿಲ್ಲ. ಮರಳುಗಾಡಿನ ಅಂಚಿನಲ್ಲಿ ಸಮಾಧಿ ಕಟ್ಟಿಸಿಕೊಳ್ಳಬಲ್ಲವರ ವಸ್ತುಗಳೇ ಹೆಚ್ಚಾಗಿ ಉಳಿದವು. ಯಾವ ವಸ್ತುಸಂಗ್ರಹಾಲಯವೂ ಈ ಕೊರತೆಯನ್ನು ತುಂಬಲಾರದು. ಕಣಜದ ಚಿತ್ರದಲ್ಲಿ ಚೀಲ ಹೊತ್ತವರು, ಕತ್ತೆ ಹೊಡೆದುಕೊಂಡು ನೀರು ತಂದವರು ಇಷ್ಟಾದರೂ ಇಲ್ಲಿ ಕಾಣಿಸುವುದು ಸಮಾಧಾನದ ಸಂಗತಿ.

ಮಿಲಾನ್‌ನಿಂದ ವೇಗದ ರೈಲಿನಲ್ಲಿ ಟ್ಯೂರಿನ್‌ಗೆ ಸುಮಾರು ಒಂದು ಗಂಟೆಯ ದಾರಿ. ಪೋರ್ಟಾ ನುವೊವಾ ನಿಲ್ದಾಣದಲ್ಲಿ ಇಳಿದರೆ ನಡೆದೇ ತಲುಪಬಹುದು. ಟಿಕೆಟನ್ನು ಸಂಸ್ಥೆಯ ಜಾಲತಾಣದಲ್ಲಿ ಮುಂಚಿತವಾಗಿ ಕಾದಿರಿಸಿಕೊಳ್ಳುವುದು, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಒಳ್ಳೆಯದು. ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರು ಮಕ್ಕಳನ್ನು ಕರೆದೊಯ್ಯುವುದಾದರೆ ಮಮ್ಮಿಗಳಿಗಿಂತ ಮೊದಲು ಖಾನ ರೊಟ್ಟಿಗಳನ್ನೂ ಆಟದ ಪೆಟ್ಟಿಗೆಯನ್ನೂ ತೋರಿಸಲಿ. ಅರ್ಧ ದಿನ ಮಾತ್ರ ಇರುವವರು ಪ್ರತಿಮೆಗಳಿಗೆ ಅರ್ಧ ಗಂಟೆ ಕೊಟ್ಟು, ಉಳಿದ ಹೊತ್ತನ್ನೆಲ್ಲ ದೇರ್ ಎಲ್-ಮದೀನಾ, ಖಾ-ಮೆರಿತ್‌ರ ಸಮಾಧಿ ಮತ್ತು ಪಪೈರಸ್ ವಿಭಾಗಗಳಿಗೆ ಮೀಸಲಿಡಬೇಕೆಂಬುದು ನನ್ನ ಸಲಹೆ.